ಪ್ರೀತಿ ಇದ್ದರೆ ಪಾಲು ಕೇಳಬಾರದಾ?

ತೋಟದಮನೆ
ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ಸ್ವಲ್ಪ ಉದ್ದದ ಪ್ರಶ್ನೆ ಇದೆ, ತಾಳ್ಮೆಯಿಂದ ಓದಿ.

ನಾವು ದಕ್ಷಿಣ ಕನ್ನಡದವರು, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರಾಟೆಸ್ಟಂಟ್ ಸಭೆಯವರು. ಅಪ್ಪ ತೀರಿಕೊಂಡು ಕೆಲವು ವರ್ಷ ಆಯಿತು. ಅಡಿಕೆ ತೋಟ ಮತ್ತು ಹಳೆಯ ಹೆಂಚಿನ ಮನೆ ಇನ್ನೂ ಅಪ್ಪನ ಹೆಸರಲ್ಲೇ ಇವೆ. ಅಮ್ಮ ಅಣ್ಣನ ಜೊತೆ ಅಲ್ಲೇ ಇದ್ದಾರೆ. ನಾನು, ತಂಗಿ ಇಬ್ಬರೂ ಮದುವೆಯಾಗಿ ಬೇರೆ ಊರಲ್ಲಿದ್ದೇವೆ. ಈಗ ಅಣ್ಣನಿಗೆ ತೋಟದ ಮೇಲೆ ಸಾಲ ತೆಗೆಯಬೇಕಂತೆ. ಪಹಣಿ ತನ್ನೊಬ್ಬನ ಹೆಸರಿಗೆ ಆಗಲಿ, ನೀವಿಬ್ಬರೂ ನಿಮ್ಮ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿ ಅಂತ ಕೇಳಿದ್ದಾನೆ.

ಯೋಚನೆ ಮಾಡಿ ಹೇಳುತ್ತೇನೆ ಅಂದೆ. ಅಷ್ಟಕ್ಕೇ ಮಾತು ನಿಂತುಹೋಯಿತು. ಆಮೇಲೆ ದೊಡ್ಡಪ್ಪ ಫೋನ್ ಮಾಡಿದರು. ಅವರು ಸಭೆಯ ಹಿರಿಯರು. ಫೋನಿನಲ್ಲೇ ಬೈಬಲಿನ ಒಂದನೆಯ ಕೊರಿಂಥ ಪತ್ರದ 13ನೇ ಅಧ್ಯಾಯ ಓದಿ, "ಪ್ರೀತಿ ತನ್ನ ಲಾಭ ನೋಡುವುದಿಲ್ಲ ಮಗಳೇ, ಒಂದು ತುಂಡು ಜಾಗಕ್ಕೋಸ್ಕರ ಕ್ರಿಸ್ತನ ಪ್ರೀತಿ ಬಿಡಬೇಡ" ಅಂದರು.

ಅಲ್ಲಿಂದ ನನಗೆ ನೆಮ್ಮದಿ ಇಲ್ಲ. ಒಳಂಗಿ ಕೇಳಿದವನಿಗೆ ಮೇಲಂಗಿಯನ್ನೂ ಬಿಟ್ಟುಕೊಡು ಅಂತ ಯೇಸುವೇ ಹೇಳಿದ್ದಾನೆ. ಹಾಗಾದರೆ ನಾನು ಕೇಳುತ್ತಿರುವುದೇ ತಪ್ಪಾ? ಪ್ರೀತಿ ಅಂದರೆ ಯಾವಾಗಲೂ ಬಿಟ್ಟುಕೊಡುವುದಾ? ಕೋರ್ಟಿಗೆ ಹೋಗುವ ಆಸೆ ನನಗಿಲ್ಲ. ದೇವರ ಮುಂದೆ ಯಾವುದು ಸರಿ ಅಂತ ಗೊತ್ತಾಗಬೇಕು, ಅಷ್ಟೇ.

ಮುಂಜಾನೆಪ್ರಾರ್ಥನೆ
ಸಹೋದರಿ, ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ನನ್ನ ಮನಸ್ಸಿನಲ್ಲಿರುವುದನ್ನು ನೇರವಾಗಿ ಹೇಳುತ್ತೇನೆ. ಸಹಿ ಹಾಕಿಬಿಡಿ. ಅಬ್ರಹಾಮನನ್ನು ನೋಡಿ. ಅವನ ದನ ಕಾಯುವವರಿಗೂ ಅವನ ಸಹೋದರನ ಮಗ ಲೋಟನ ದನ ಕಾಯುವವರಿಗೂ ಜಗಳ ಶುರುವಾದಾಗ ಹಿರಿಯನಾದ ಅಬ್ರಹಾಮನೇ ಮೊದಲು ಆರಿಸಿಕೊಳ್ಳಬಹುದಿತ್ತು. ಅವನು ಹಾಗೆ ಮಾಡಲಿಲ್ಲ. "ನೀನು ಎಡಕ್ಕೆ ಹೋದರೆ ನಾನು ಬಲಕ್ಕೆ ಹೋಗುತ್ತೇನೆ" ಅಂದ. ಲೋಟ ನೀರಾವರಿ ಇರುವ ಯೊರ್ದಾನಿನ ಬಯಲು ಆರಿಸಿಕೊಂಡ. ದೇವರು ಅಬ್ರಹಾಮನ ಕೈ ಬಿಟ್ಟನಾ? ಇಲ್ಲ.

ಇನ್ನೊಂದು ಮಾತು. ಲೂಕ 12ರಲ್ಲಿ ಒಬ್ಬ ಬಂದು "ಬೋಧಕನೇ, ಆಸ್ತಿಯಲ್ಲಿ ನನಗೆ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳು" ಅಂತ ಕೇಳುತ್ತಾನೆ. ಸರಿಯಾಗಿ ನಿಮ್ಮದೇ ಪ್ರಶ್ನೆ. ಯೇಸು ಏನು ಹೇಳಿದ? ನನ್ನನ್ನು ನಿಮಗೆ ನ್ಯಾಯಾಧಿಪತಿಯಾಗಿ ಇಟ್ಟವರು ಯಾರು ಅಂತ ಕೇಳಿ, ಎಲ್ಲಾ ಬಗೆಯ ಲೋಭದಿಂದ ಎಚ್ಚರವಾಗಿರಿ ಅಂದ. ಜಮೀನು ಹೋದರೆ ಇನ್ನೊಂದು ಬರಬಹುದು, ಅಣ್ಣ ಹೋದರೆ ಇನ್ನೊಬ್ಬ ಬರುವುದಿಲ್ಲ.

ಹಳೆಯಮೇಷ್ಟ್ರು
ಮುಂಜಾನೆಪ್ರಾರ್ಥನೆಯವರ ಅಬ್ರಹಾಮನ ಉದಾಹರಣೆ ಚೆನ್ನಾಗಿದೆ. ಆದರೆ ಅದರಲ್ಲಿ ಒಂದು ಸಂಗತಿ ಮರೆಯಬಾರದು. ಅಬ್ರಹಾಮ ದೊಡ್ಡವನು, ಬಲ ಇದ್ದವನು. ಅವನು ತಾನಾಗಿಯೇ ಬಿಟ್ಟುಕೊಟ್ಟ. "ನಿನಗೆ ಪ್ರೀತಿ ಇದ್ದರೆ ಬಿಟ್ಟುಕೊಡು" ಅಂತ ಲೋಟನ ಕಡೆಯವರು ಬಂದು ಅವನಿಗೆ ಪಾಠ ಓದಲಿಲ್ಲ. ತಾನಾಗಿ ಕೊಟ್ಟದ್ದು ಬೇರೆ, ವಚನ ಓದಿ ತೆಗೆದುಕೊಂಡದ್ದು ಬೇರೆ.

ಲೂಕ 12ರ ಮಾತೂ ಹಾಗೆಯೇ. ಲೋಭದ ಎಚ್ಚರಿಕೆ ಪಾಲು ಕೇಳಿದವನಿಗೆ ಮಾತ್ರ ಅಂತ ಯಾಕೆ ಓದಬೇಕು? ಪಾಲು ಕೊಡದೆ ಇಟ್ಟುಕೊಂಡವನೂ ಅಲ್ಲಿ ಇದ್ದಾನೆ. ಯೇಸು ಆ ಮಾತನ್ನು ಹೇಳಿದ್ದು ಅಲ್ಲಿದ್ದ ಜನರಿಗೆಲ್ಲ.

ಈಗ ಕೊರಿಂಥದ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ 13ನೇ ಅಧ್ಯಾಯವನ್ನು ನಾವು ಮದುವೆಯಲ್ಲಿ ಓದಿ ಓದಿ ಅದು ಯಾರಿಗೆ ಬರೆದದ್ದು ಅನ್ನುವುದನ್ನೇ ಬಿಟ್ಟಿದ್ದೇವೆ. ಪೌಲ ಈ ಪತ್ರ ಬರೆದದ್ದು ಕ್ರಿ.ಶ. 55ರ ಆಸುಪಾಸಿನಲ್ಲಿ, ಎಫೆಸದಿಂದ. ಕೊರಿಂಥ ಎರಡು ಬಂದರುಗಳ ವ್ಯಾಪಾರದ ಊರು. ಅಲ್ಲಿನ ಸಭೆಯಲ್ಲಿ ಜಗಳವೋ ಜಗಳ. ಒಂದು ಗುಂಪು ನಾವು ಪೌಲನವರು ಅನ್ನುತ್ತದೆ, ಇನ್ನೊಂದು ಅಪೊಲ್ಲೋಸ ಎಂಬ ಬೋಧಕನವರು ಅನ್ನುತ್ತದೆ. 11ನೇ ಅಧ್ಯಾಯ ನೋಡಿ. ಕರ್ತನ ಭೋಜನಕ್ಕೆ ಸೇರಿದಾಗ ಉಳ್ಳವರು ಮೊದಲೇ ತಿಂದು ಕುಡಿದು ಮುಗಿಸುತ್ತಾರೆ, ಇಲ್ಲದವರು ಹಸಿದು ನಿಂತಿರುತ್ತಾರೆ. ಪೌಲ ಕೆಂಡವಾಗುತ್ತಾನೆ. ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ ಅಂತ ಕೇಳುತ್ತಾನೆ. ಇಂಥ ಸಭೆಗೆ ಬರೆದದ್ದು ಆ ಪ್ರೀತಿಯ ಅಧ್ಯಾಯ. "ಪ್ರೀತಿ ಹೊಗಳಿಕೊಳ್ಳುವುದಿಲ್ಲ, ಉಬ್ಬಿಕೊಳ್ಳುವುದಿಲ್ಲ" ಅಂತ ಬರೆದಾಗ ಅವನ ಕಣ್ಣ ಮುಂದೆ ಇದ್ದವರು ಬಲ ಇದ್ದವರು. ಹಸಿದು ನಿಂತವರಿಗೆ ಸುಮ್ಮನಿರಿ ಅಂತ ಹೇಳಲು ಅವನು ಬರೆಯಲಿಲ್ಲ.

ಅದೇ ಅಧ್ಯಾಯದಲ್ಲಿ "ಪ್ರೀತಿ ಅನ್ಯಾಯದಲ್ಲಿ ಸಂತೋಷಪಡುವುದಿಲ್ಲ, ಸತ್ಯದಲ್ಲಿ ಸಂತೋಷಪಡುತ್ತದೆ" ಅಂತ ಒಂದು ಮಾತಿದೆ. ನಿಮ್ಮ ದೊಡ್ಡಪ್ಪ ಅದನ್ನೂ ಓದಿದ್ದಾರೆ. ಅಲ್ಲಿ ಒಂದು ಕ್ಷಣ ನಿಲ್ಲಬೇಕಿತ್ತು, ಅಲ್ವಾ?

ಉಡುಪಿವಕೀಲೆ
ನಂಬಿಕೆಯ ಪ್ರಶ್ನೆಗೆ ಕಾನೂನು ಯಾಕೆ ಅನ್ನಬೇಡಿ. ಸತ್ಯದಲ್ಲಿ ಸಂತೋಷಪಡಬೇಕಾದರೆ ಸತ್ಯ ಏನು ಅಂತ ಗೊತ್ತಿರಬೇಕು.

ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ, ಅವರ ಆಸ್ತಿಯಲ್ಲಿ ಮೂರನೇ ಒಂದು ಭಾಗ ಹೆಂಡತಿಗೆ. ಉಳಿದ ಎರಡು ಭಾಗ ಮಕ್ಕಳಿಗೆ ಸಮನಾಗಿ. ಗಂಡು ಹೆಣ್ಣು ಅನ್ನುವ ಭೇದ ಇಲ್ಲ. ಮದುವೆಯಾಗಿದೆ, ಆಗಿಲ್ಲ ಅನ್ನುವುದೂ ಲೆಕ್ಕಕ್ಕಿಲ್ಲ. ನಿಮ್ಮ ಮನೆಯಲ್ಲಿ ಆಸ್ತಿಯನ್ನು ಒಂಬತ್ತು ಭಾಗ ಮಾಡಿದರೆ ಅಮ್ಮನಿಗೆ ಮೂರು, ನಿಮಗೆ ಎರಡು, ತಂಗಿಗೆ ಎರಡು, ಅಣ್ಣನಿಗೆ ಎರಡು.

ಅಪ್ಪ ಉಯಿಲು ಬರೆದಿದ್ದರೆ ಮಾತು ಬೇರೆ. ನಮ್ಮಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಬರುವ ಪಿತ್ರಾರ್ಜಿತದ ಪದ್ಧತಿ ಇಲ್ಲ. ತನ್ನ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆದಿಡಬಹುದು. ಮೊದಲು ಅದನ್ನು ವಿಚಾರಿಸಿ.

ಕೇರಳದ ಮೇರಿ ರಾಯ್ ಅವರ ಹೆಸರು ಕೇಳಿರಬಹುದು. ಅಲ್ಲಿ ತಿರುವಾಂಕೂರಿನ ಹಳೆಯ ಕಾಯ್ದೆ ಪ್ರಕಾರ ಸಿರಿಯನ್ ಕ್ರೈಸ್ತ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1986ರಲ್ಲಿ ತೀರ್ಪು ಬಂತು, ಅವರಿಗೂ 1925ರ ಕಾಯ್ದೆಯೇ ಅನ್ವಯ ಅಂತ. ಆಗ ಸಭೆಗಳ ಒಳಗೇ ಎಷ್ಟು ವಿರೋಧ ಬಂತು ಅನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ಬೇಸರವಾಗುತ್ತದೆ. ಕುಟುಂಬದ ಪ್ರೀತಿ ಹಾಳಾಗುತ್ತದೆ ಅನ್ನುವವರು, ಮಗಳಿಗೆ ಕಾಲು ಪಾಲು ಕೊಡುವಾಗ ಆ ಪ್ರೀತಿ ಏನಾಗಿತ್ತು ಅಂತ ಕೇಳಿಕೊಳ್ಳಬೇಕಿತ್ತು.

ಮಲೆನಾಡಿಗ
ಇಲ್ಲಿ ಅಣ್ಣನ ಪರವಾಗಿ ಒಬ್ಬರಾದರೂ ಮಾತಾಡಬೇಕು. ನಾನು ಆ ಜಾಗದಲ್ಲಿರುವವನು. ಅಕ್ಕತಂಗಿಯರು ಪೇಟೆಯಲ್ಲಿದ್ದಾರೆ, ಅಪ್ಪ ಅಮ್ಮನ ಜೊತೆ ಉಳಿದವನು ನಾನು. ಅಪ್ಪನಿಗೆ ಪಾರ್ಶ್ವವಾಯು ಆದಮೇಲೆ ಸ್ನಾನ, ಊಟ, ರಾತ್ರಿ ಹೊರಳಿಸಿ ಮಲಗಿಸುವುದು ಎಲ್ಲಾ ನಾನು ಮತ್ತು ನನ್ನ ಹೆಂಡತಿ. ಮಳೆಗಾಲದಲ್ಲಿ ಕೊಳೆರೋಗ ಬಂದು ಅಡಿಕೆ ಉದುರಿದ ವರ್ಷ ಸಾಲ ಮಾಡಿದವನೂ ನಾನೇ. ಆ ಯಾವ ಲೆಕ್ಕವೂ ಪಹಣಿಯಲ್ಲಿ ಬರುವುದಿಲ್ಲ. ಒಂಬತ್ತರಲ್ಲಿ ಎರಡು ಅಂತ ಹೇಳುವುದು ಸುಲಭ. ಹೆತ್ತವರನ್ನು ನೋಡಿಕೊಂಡದ್ದಕ್ಕೆ ಎಷ್ಟು ಭಾಗ?

ನಾನು ಸಂಬಳ ಕೇಳುತ್ತಿಲ್ಲ. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನು ತಳ್ಳಿಬಿಟ್ಟವನು ಅಂತ ತಿಮೊಥೆಯನಿಗೆ ಬರೆದ ಪತ್ರದಲ್ಲೇ ಇದೆ. ಅದು ನನ್ನ ಕರ್ತವ್ಯ, ಸಂತೋಷದಿಂದಲೇ ಮಾಡಿದ್ದೇನೆ. ಆದರೆ ಹಬ್ಬಕ್ಕೆ ಬಂದು ಹೋಗುವವರು ಒಂದು ಮಾತು ಹೇಳಬೇಕು. "ನೀನು ಇದ್ದದ್ದಕ್ಕೆ ನಾವು ಅಲ್ಲಿ ನೆಮ್ಮದಿಯಾಗಿದ್ದೆವು" ಅನ್ನಬೇಕು. ಅದೂ ಪ್ರೀತಿಯೇ.

ತೋಟದಮನೆ
ಮಲೆನಾಡಿಗ ಅವರೇ, ನಿಮ್ಮ ಮಾತು ಓದಿ ಅಳು ಬಂತು. ನಮ್ಮ ಅತ್ತಿಗೆಯೂ ಹಾಗೆಯೇ ಅಪ್ಪನನ್ನು ನೋಡಿಕೊಂಡವರು. ಕೊನೆಯ ದಿನಗಳಲ್ಲಿ ಅಪ್ಪ ನನ್ನ ಹೆಸರಿಗಿಂತ ಜಾಸ್ತಿ ಅವರ ಹೆಸರನ್ನೇ ಕರೆಯುತ್ತಿದ್ದರು. ಸಮಪಾಲು ಬೇಕು ಅಂತ ನನಗೆ ಹಟ ಇಲ್ಲ. ಮನೆ ಅಣ್ಣನಿಗೇ ಇರಲಿ. ನನಗೆ ನೋವಾದದ್ದು ಕೇಳಿದ ರೀತಿಗೆ. ನಾವು ಆ ಮನೆಯ ಮಕ್ಕಳೇ ಅಲ್ಲ ಅನ್ನುವ ಹಾಗೆ ಕಾಗದ ಮುಂದಿಟ್ಟ. ನನ್ನ ತಂಗಿಯ ಸ್ಥಿತಿಯೂ ಅಷ್ಟು ಚೆನ್ನಾಗಿಲ್ಲ. ಗಂಡನ ಕೆಲಸ ಹೋಗಿದೆ, ಬಾಡಿಗೆ ಮನೆ. ಅವಳು ಬಾಯಿಬಿಟ್ಟು ಕೇಳುವವಳಲ್ಲ. ನಾನು ಸಹಿ ಹಾಕಿದರೆ ಅವಳೂ ಹಾಕುತ್ತಾಳೆ.

ಸಂಡೇಸ್ಕೂಲ್‌ಟೀಚರ್
ಅಕ್ಕಾ, ನಿಮ್ಮ ಕೊನೆಯ ಎರಡು ಸಾಲು ಮುಖ್ಯ. ನಿಮ್ಮದನ್ನು ನೀವು ಬಿಟ್ಟುಕೊಡಬಹುದು, ಅದು ನಿಮ್ಮ ಉದಾರ ಮನಸ್ಸು. ತಂಗಿಯದನ್ನು ಬಿಟ್ಟುಕೊಡಲು ನಿಮಗೆ ಅಧಿಕಾರ ಇಲ್ಲ. ಮೇಲಂಗಿಯನ್ನೂ ಕೊಡು ಅಂದದ್ದು ನನ್ನ ಮೇಲಂಗಿಯ ಬಗ್ಗೆ, ಪಕ್ಕದಲ್ಲಿ ಚಳಿಯಲ್ಲಿ ನಡುಗುತ್ತಿರುವವಳ ಮೇಲಂಗಿಯ ಬಗ್ಗೆ ಅಲ್ಲ.

ಒಳ್ಳೆಯ ಸಮಾರ್ಯದವನ ಕಥೆಯನ್ನು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿ, ಕಳ್ಳರು ಹೊಡೆದು ಹಾಕಿದ ಪ್ರಯಾಣಿಕ, ನೋಡಿಯೂ ದಾಟಿಹೋದ ಯಾಜಕ, ದೇವಾಲಯದ ಸೇವಕನಾದ ಲೇವಿಯ, ಎಲ್ಲರಿಗೂ ಗೊತ್ತು. ನನಗೆ ಬಹಳ ಹಿಡಿಸುವುದು ಛತ್ರದ ಭಾಗ. ಗಾಯಗೊಂಡವನನ್ನು ನೋಡಿಕೊಳ್ಳಲು ಸಮಾರ್ಯದವನು ಛತ್ರದವನಿಗೆ ಎರಡು ದಿನಾರಿ ಕೊಡುತ್ತಾನೆ. ಒಂದು ದಿನಾರಿ ಆಗ ಕೂಲಿಯವನ ಒಂದು ದಿನದ ಸಂಬಳ. ಜಾಸ್ತಿ ಖರ್ಚಾದರೆ ವಾಪಸ್ ಬಂದಾಗ ಕೊಡುತ್ತೇನೆ ಅನ್ನುತ್ತಾನೆ. ನೋಡಿ, ಪ್ರೀತಿ ಇಲ್ಲಿ ಖರ್ಚಿನ ಲೆಕ್ಕ ಇಡುತ್ತದೆ. ಇಂತಿಷ್ಟು ಕೊಟ್ಟಿದ್ದೇನೆ, ಬಾಕಿ ನನ್ನ ಮೇಲೆ. ಛತ್ರದವನಿಗೆ "ದೇವರ ಹೆಸರಲ್ಲಿ ಪುಕ್ಕಟೆ ನೋಡಿಕೋ" ಅನ್ನಲಿಲ್ಲ. ಪೌಲ ಹೇಳುವ ಪ್ರೀತಿ ಅಪಕಾರದ ಲೆಕ್ಕ ಇಡುವುದಿಲ್ಲ. ಖರ್ಚಿನ ಲೆಕ್ಕ ಇಡಬೇಡ ಅಂತ ಅವನು ಎಲ್ಲೂ ಹೇಳಿಲ್ಲ. ನಮ್ಮ ಮನೆಗಳಲ್ಲಿ ಇದು ಉಲ್ಟಾ ಆಗಿದೆ. ದುಡ್ಡಿನ ಮಾತು ಬಾಯಿಬಿಟ್ಟು ಆಡುವುದಿಲ್ಲ, ಯಾರು ಯಾವ ಮದುವೆಯಲ್ಲಿ ಏನು ಅಂದರು ಅನ್ನುವುದನ್ನು ಮಾತ್ರ ಮರೆಯುವುದಿಲ್ಲ.

ಹಾಗಾಗಿ ಮಲೆನಾಡಿಗ ಅವರ ಪ್ರಶ್ನೆಗೆ ನನ್ನ ಉತ್ತರ ಇದು. ಅಪ್ಪನ ಔಷಧಿ, ಆಸ್ಪತ್ರೆ, ತೋಟದ ಸಾಲ ಎಲ್ಲವನ್ನೂ ಬರೆದು ಮೇಜಿನ ಮೇಲೆ ಇಡಲಿ. ಅದರಲ್ಲಿ ಅವಮಾನ ಏನಿದೆ? ಅಕ್ಕತಂಗಿಯರೂ ಅದನ್ನು ಓದಲಿ.

ಕುವೈತ್‌ಕನ್ನಡಿಗ
ನಾನು ಕಥೋಲಿಕ, ಊರು ಚಿಕ್ಕಮಗಳೂರು ಕಡೆ. ಪೂಜೆಯಲ್ಲಿ ಪರಮಪ್ರಸಾದಕ್ಕೆ ಮೊದಲು ಪಕ್ಕದವರಿಗೆ ಕೈಮುಗಿದು ಶಾಂತಿ ಕೋರುತ್ತೇವೆ. ಒಂದೇ ಮನೆಯ ಅಣ್ಣತಮ್ಮಂದಿರು ಬೇಕಂತಲೇ ಬೇರೆ ಬೇರೆ ಸಾಲಿನಲ್ಲಿ ಕೂರುವುದನ್ನು ನೋಡಿದ್ದೇನೆ, ಆ ಹೊತ್ತಿನಲ್ಲಿ ಎದುರುಬದುರಾಗಬಾರದು ಅಂತ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ನಿನ್ನ ಸಹೋದರನ ಜೊತೆ ರಾಜಿಯಾಗು ಅಂತ ಮತ್ತಾಯ 5ರಲ್ಲಿ ಇದೆ. ಅಲ್ಲಿ ಒಂದು ವಿಶೇಷ ಇದೆ. ನಿನಗೆ ಅವನ ಮೇಲೆ ಕೋಪ ಇದ್ದರೆ ಅಂತ ಯೇಸು ಹೇಳುವುದಿಲ್ಲ. ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ನೀನು ಹೋಗು ಅನ್ನುತ್ತಾನೆ. ಯಾರ ತಪ್ಪು ಅನ್ನುವ ಪ್ರಶ್ನೆಗೆ ಅಲ್ಲಿ ಜಾಗ ಇಲ್ಲ. ಮೊದಲು ಹೊರಡಬೇಕು, ಅಷ್ಟೇ.

ಆದ್ದರಿಂದ ಅಣ್ಣ ಮಾತು ಬಿಟ್ಟಿದ್ದಾನೆ ಅಂತ ಕಾಯಬೇಡಿ ಅಕ್ಕ. ನೀವೇ ಹೋಗಿ. ಸಹಿ ಹಾಕಲು ಹೋಗಿ ಅನ್ನುತ್ತಿಲ್ಲ, ಮಾತಾಡಲು ಹೋಗಿ.

ಮುಂಜಾನೆಪ್ರಾರ್ಥನೆ
ತಂಗಿಯ ವಿಷಯ ನನಗೆ ಗೊತ್ತಿರಲಿಲ್ಲ. ಟೀಚರ್ ಹೇಳಿದ್ದು ಸರಿ ಅನಿಸುತ್ತದೆ. ಆದರೂ ನನಗೆ ಒಂದು ಭಯ ಇದೆ. ನ್ಯಾಯ ನ್ಯಾಯ ಅಂತ ಶುರುವಾದದ್ದು ಕೊನೆಗೆ ಕೋರ್ಟಿನಲ್ಲೇ ನಿಲ್ಲುತ್ತದೆ. ಒಂದನೆಯ ಕೊರಿಂಥ 6ರಲ್ಲಿ ಪೌಲ ಕೇಳುತ್ತಾನಲ್ಲ, ಅದಕ್ಕಿಂತ ನೀವು ಅನ್ಯಾಯವನ್ನೇ ಯಾಕೆ ಸಹಿಸಿಕೊಳ್ಳಬಾರದು ಅಂತ. ಅದನ್ನು ಹೇಗೆ ದಾಟುವುದು?

ಹಳೆಯಮೇಷ್ಟ್ರು
ದಾಟುವುದು ಬೇಡ, ಮುಂದಿನ ವಚನ ಓದೋಣ. "ನೀವಾದರೋ ಅನ್ಯಾಯ ಮಾಡುತ್ತೀರಿ, ಮೋಸ ಮಾಡುತ್ತೀರಿ, ಅದೂ ಸಹೋದರರಿಗೇ" ಅನ್ನುವ ಅರ್ಥದ ಮಾತು ಅಲ್ಲೇ ಇದೆ. ಹಿಂದಿನ ವಚನಗಳನ್ನೂ ನೋಡಿ. ಸಹೋದರರ ನಡುವೆ ತೀರ್ಮಾನ ಹೇಳುವ ಜಾಣ ಒಬ್ಬನೂ ನಿಮ್ಮಲ್ಲಿ ಇಲ್ಲವಾ ಅಂತ ಸಭೆಯನ್ನು ಕೇಳುತ್ತಾನೆ. ಅಂದರೆ ತೀರ್ಮಾನ ಬೇಡ ಅನ್ನುವುದು ಅವನ ಮಾತಲ್ಲ. ನೀವೇ ಕೂತು ನ್ಯಾಯವಾಗಿ ತೀರ್ಮಾನ ಮಾಡಿ ಅನ್ನುತ್ತಾನೆ. ಸಭೆಯ ಹಿರಿಯರ ಕೆಲಸ ಅದು. ಒಬ್ಬಳಿಗೆ ಫೋನ್ ಮಾಡಿ ವಚನ ಓದುವ ಬದಲು ಎರಡೂ ಕಡೆಯವರನ್ನು ಕೂರಿಸಿ ಕೇಳಬೇಕಿತ್ತು.

ಅನ್ಯಾಯ ಸಹಿಸುವುದು ಕ್ರಿಸ್ತನ ದಾರಿ, ನಿಜ. ಅದನ್ನು ನಾನು ಕಡಿಮೆ ಮಾಡುವುದಿಲ್ಲ. ಶತ್ರುವನ್ನೂ ಪ್ರೀತಿಸಿ ಅನ್ನುವ ಮಾತಿನಲ್ಲಿ ನಮ್ಮ ನಂಬಿಕೆಯ ಜೀವ ಇದೆ. ಆಸ್ಟ್ರೇಲಿಯಾದಿಂದ ಬಂದ ಮಿಷನರಿ ಗ್ಲಾಡಿಸ್ ಸ್ಟೇನ್ಸ್ ಅವರನ್ನು ನೆನೆಯಿರಿ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ ಗ್ರಹಾಂ ಮತ್ತು ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲಿ ಮಲಗಿದ್ದಾಗ ಸುಟ್ಟು ಕೊಂದರು. ಫಿಲಿಪ್‌ಗೆ 10 ವರ್ಷ, ತಿಮೊಥಿಗೆ 6. ಕೊಂದವರನ್ನು ಕ್ಷಮಿಸಿದ್ದೇನೆ ಅಂತ ಆ ತಾಯಿ ಎಲ್ಲರ ಮುಂದೆ ಹೇಳಿದರು. ಮಗಳನ್ನು ಕರೆದುಕೊಂಡು ದೇಶ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯನ್ನು ಇನ್ನೂ ಕೆಲವು ವರ್ಷ ಮುಂದುವರಿಸಿದರು. 2005ರಲ್ಲಿ ಪದ್ಮಶ್ರೀ ಬಂತು. ಅವರ ಕ್ಷಮೆಯ ಪಕ್ಕದಲ್ಲೇ ಕೋರ್ಟಿನಲ್ಲಿ ಮೊಕದ್ದಮೆ ನಡೆಯಿತು, ತೀರ್ಪು ಬಂತು, ಶಿಕ್ಷೆಯೂ ಆಯಿತು. ಆಕೆಯ ಕ್ಷಮೆ ನಿಜ ಆಗಬೇಕಾದರೆ ನಡೆದದ್ದು ಅಪರಾಧವೇ ಅಲ್ಲ ಅಂತ ಯಾರೂ ಹೇಳಬೇಕಾಗಲಿಲ್ಲ. ಮುಂಜಾನೆಪ್ರಾರ್ಥನೆಯವರೇ, ನಿಮ್ಮ ಭಯಕ್ಕೆ ನನ್ನ ಬಳಿ ಇರುವ ಉತ್ತರ ಇದೇ. ಕ್ಷಮಿಸುವುದಕ್ಕೆ ಸತ್ಯವನ್ನು ಮುಚ್ಚಬೇಕಾಗಿಲ್ಲ.

ಮಲೆನಾಡಿಗ
ಮೇಷ್ಟ್ರೇ, ಇದನ್ನು ನಮ್ಮ ಮನೆಯಲ್ಲೂ ಓದಿ ಹೇಳುತ್ತೇನೆ. ತೋಟದಮನೆ ಅಕ್ಕ, ಒಂದು ಕೋರಿಕೆ. ಅಣ್ಣನ ಹತ್ತಿರ ಹೋದಾಗ ಪಾಲಿನ ಮಾತು ಮೊದಲು ಎತ್ತಬೇಡಿ. ಸಾಲ ಯಾಕೆ ಬೇಕು ಅಂತ ಕೇಳಿ. ಹಳದಿ ರೋಗ ಬಂದ ತೋಟವಾ, ಬೋರ್‌ವೆಲ್ ಕೊರೆಸಬೇಕಾ, ಮಕ್ಕಳ ಫೀಸಾ. ಊರಲ್ಲಿ ಉಳಿದವನನ್ನು ಇದನ್ನೆಲ್ಲ ಕೇಳುವವರು ಕಡಿಮೆ. ಎಷ್ಟೋ ಸಲ ಕೇಳಿದ ರೀತಿ ಒರಟಾಗುವುದು ಒಳಗಿನ ಹೆದರಿಕೆಯಿಂದ.

ಸಂಡೇಸ್ಕೂಲ್‌ಟೀಚರ್
ಮತ್ತಾಯ 18ರ ಕ್ರಮವೂ ಅದೇ. ಮೊದಲು ನೀನು, ಅವನು, ಇಬ್ಬರೇ. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಮೇಲೆ ಸಭೆ. ನಾವು ಮೊದಲು ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತೇವೆ, ಕೊನೆಗೆ ಇಬ್ಬರೇ ಕೂರುತ್ತೇವೆ.

ಒಂದು ಪ್ರಶ್ನೆ. ಇಷ್ಟು ಹೊತ್ತು ಅಣ್ಣ, ತಂಗಿ, ದೊಡ್ಡಪ್ಪ ಎಲ್ಲರ ಮಾತು ಬಂತು. ಅಮ್ಮ ಏನು ಹೇಳುತ್ತಾರೆ?

ತೋಟದಮನೆ
ಅಮ್ಮನ ಬಾಯಿಂದ ಈ ಬಗ್ಗೆ ಒಂದು ಮಾತೂ ಬಂದಿಲ್ಲ. ಫೋನ್ ಮಾಡಿದರೆ ಊಟ ಆಯಿತಾ, ಮಕ್ಕಳು ಹೇಗಿದ್ದಾರೆ ಅಂತಷ್ಟೇ. ಅವರ ಮನಸ್ಸು ನೋಯಿಸಬಾರದು ಅಂತ ನಾವು ಯಾರೂ ಅವರ ಹತ್ತಿರ ಈ ವಿಷಯ ಎತ್ತಿಲ್ಲ. ಅಣ್ಣನೂ ಎತ್ತಿಲ್ಲ ಅಂತ ಕಾಣುತ್ತದೆ.

ಉಡುಪಿವಕೀಲೆ
ಆ ಆಸ್ತಿಯಲ್ಲಿ ನಿಮ್ಮೆಲ್ಲರಿಗಿಂತ ದೊಡ್ಡ ಪಾಲು ಅಮ್ಮನದು. ಒಂಬತ್ತರಲ್ಲಿ ಮೂರು. ಅವರನ್ನು ಬಿಟ್ಟು ಯಾವ ಮಾತುಕತೆಯೂ ಪೂರ್ತಿ ಆಗುವುದಿಲ್ಲ. ಎಲ್ಲವೂ ಅಣ್ಣನ ಹೆಸರಿಗೇ ಆಗಬೇಕಾದರೆ ಅವರೂ ಬರೆದುಕೊಡಬೇಕು. ನಾಳೆ ಸಾಲ ತೀರದೆ ತೋಟ ಬ್ಯಾಂಕಿನ ಪಾಲಾದರೆ ಈ ವಯಸ್ಸಿನಲ್ಲಿ ಅಮ್ಮ ಎಲ್ಲಿ ಹೋಗುತ್ತಾರೆ? ಪ್ರೀತಿಯ ಬಗ್ಗೆ ಮಾತಾಡುವ ಮನೆ ಮೊದಲು ಈ ಪ್ರಶ್ನೆಗೆ ಉತ್ತರ ಹುಡುಕಬೇಕು.

ಕುವೈತ್‌ಕನ್ನಡಿಗ
ಶಿಲುಬೆಯ ಮೇಲೆ ಪ್ರಾಣ ಹೋಗುವ ಹೊತ್ತಿನಲ್ಲೂ ಯೇಸು ತಾಯಿಗೆ ಒಂದು ಮನೆ ಇರಲಿ ಅಂತ ಶಿಷ್ಯನ ಕೈಗೆ ಒಪ್ಪಿಸಿದ. ಯೋಹಾನ 19. ಅಷ್ಟು ನೋವಿನಲ್ಲಿ ಅಷ್ಟು ವ್ಯವಹಾರದ ಮಾತು. ನನಗೆ ಅದನ್ನು ಓದಿದಾಗೆಲ್ಲ ಎದೆ ತುಂಬಿ ಬರುತ್ತದೆ.

ತೋಟದಮನೆ
ಎಲ್ಲರಿಗೂ ತುಂಬಾ ಧನ್ಯವಾದ. ಸಂಜೆ ತಂಗಿಯ ಹತ್ತಿರ ಮಾತಾಡಿದೆ. ಇಬ್ಬರೂ ಸೇರಿ ಊರಿಗೆ ಹೋಗುತ್ತೇವೆ. ಮೊದಲು ಅಮ್ಮನ ಹತ್ತಿರ ಕೂರುತ್ತೇವೆ, ಆಮೇಲೆ ಅಣ್ಣ ಅತ್ತಿಗೆ ಜೊತೆ. ಅತ್ತಿಗೆ ಅಪ್ಪನಿಗಾಗಿ ಮಾಡಿದ್ದನ್ನು ಅವರ ಎದುರೇ ಹೇಳಬೇಕು, ಅದನ್ನು ಬಾಕಿ ಇಡುವುದಿಲ್ಲ. ನನ್ನ ಪಾಲಿನ ಬಗ್ಗೆ ನಾನು ಮನಸ್ಸು ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಕ್ಕಿಂತ ಮೊದಲು ಅಣ್ಣನಿಗೆ ಹೇಳುವುದು ಸರಿ. ತಂಗಿಯದನ್ನು ಅವಳೇ ಹೇಳಲಿ.

ವಕೀಲೆ ಮೇಡಂ, ಒಂದು ಮಾತು. ಅಮ್ಮ ಬದುಕಿರುವವರೆಗೆ ಮನೆಯಲ್ಲಿ ಇರುವ ಹಕ್ಕನ್ನು ಕಾಗದದಲ್ಲೇ ಬರೆಸಬಹುದಾ?

ಉಡುಪಿವಕೀಲೆ
ಖಂಡಿತ ಬರೆಸಬಹುದು. ಎಲ್ಲರೂ ಒಪ್ಪಿದರೆ ಖುಲಾಸೆ ಪತ್ರದ ಬದಲು ವಿಭಾಗ ಪತ್ರವನ್ನೇ ಮಾಡಿಸಿ, ಅದರಲ್ಲಿ ಅಮ್ಮನ ವಾಸದ ಹಕ್ಕು ಮತ್ತು ಖರ್ಚಿನ ಮಾತು ಸ್ಪಷ್ಟವಾಗಿ ಸೇರಿಸಿ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಅಣ್ಣನಿಗೆ ಸಾಲದ ಅವಸರ ಇದ್ದರೆ, ನೀವೆಲ್ಲ ವಾರಸುದಾರರು ಸೇರಿ ಜಂಟಿಯಾಗಿ ಪಹಣಿ ಮಾಡಿಸಿಕೊಂಡು ಬ್ಯಾಂಕಿನವರನ್ನು ವಿಚಾರಿಸಲಿ. ಹೋಗುವಾಗ ಅಪ್ಪನ ಮರಣ ಪತ್ರ, ವಂಶವೃಕ್ಷ, ಈಗಿನ ಪಹಣಿ ಪ್ರತಿ ತೆಗೆದುಕೊಂಡು ಹೋಗಿ. ಅಮ್ಮನಿಗೆ ಓದಿ ಹೇಳದೆ ಯಾವ ಕಾಗದಕ್ಕೂ ಅವರ ಹೆಬ್ಬೆಟ್ಟು ಹಾಕಿಸಬೇಡಿ.